ರೇಷ್ಮೆ ಸೀರೆಯ ತೂಕ

ಹೈಸ್ಕೂಲಿನಲ್ಲಿ ಪಿ.ಟಿ. ಮೇಷ್ಟ್ರಾಗಿದ್ದವನು ನಾನು. ಬಿಸಿಲಲ್ಲಿ ನಾಲ್ಕು ಸುತ್ತು ಓಡಿಸಿದರೆ ಯಾರಾದರೂ ದಾರಿಗೆ ಬರುತ್ತಾರೆ ಎಂದು ನಂಬಿಕೊಂಡೇ ನಿವೃತ್ತನಾದೆ. ಹೆಂಡತಿಯ ಹೊಟ್ಟೆಯಲ್ಲಿ ಕ್ಯಾನ್ಸರ್ ಎಂದು ಗೊತ್ತಾದಾಗಲೂ ಆ ನಂಬಿಕೆ ಹೋಗಲಿಲ್ಲ. ಕಿಮೋ ಶುರುವಾದ ಮೇಲೆ ಒಗ್ಗರಣೆಯ ವಾಸನೆಗೇ ಅವಳಿಗೆ ವಾಂತಿ ಬರುತ್ತಿತ್ತು. ನಾನು ಅಡುಗೆಮನೆಯ ಗೋಡೆಗೆ ವೇಳಾಪಟ್ಟಿ ಅಂಟಿಸಿದೆ: ಏಳಕ್ಕೆ ರಾಗಿ ಗಂಜಿ, ಒಂಬತ್ತಕ್ಕೆ ಇಡ್ಲಿ, ಹನ್ನೊಂದಕ್ಕೆ ದಾಳಿಂಬೆ ರಸ. ಸೀಟಿ ಊದುವುದೊಂದು ಬಾಕಿ.

ನೋಡಲು ಬಂದವರೆಲ್ಲ ಡಾಕ್ಟರುಗಳೇ. ಗೋಕುಲಂನ ಯೋಗಶಾಲೆಯಲ್ಲಿ ಕೆಲಸ ಮಾಡುವ ಪಕ್ಕದ ಮನೆಯಾಕೆ, ಹಾಲು ಬೇಡ, ಸಕ್ಕರೆ ಬೇಡ, ಬೇಯಿಸಿದ್ದೇ ಬೇಡ ಎಂದು ಹಸಿರು ರಸವೊಂದನ್ನು ಕೊಟ್ಟು ಹೋದರು. ಶ್ರೀರಾಂಪುರದಿಂದ ಬಂದ ಹೆಂಡತಿಯ ಅಕ್ಕ ಒಬ್ಬಟ್ಟು ತಂದಿದ್ದರು.

"ತಿನ್ನಲ್ಲ ಅಂದ್ರೆ ಬಿಟ್ಬುಡೋದಾ ಮೇಷ್ಟ್ರೇ? ಬಲವಂತ ಮಾಡ್ಬೇಕು ಕಣ್ರೀ," ಎಂದರು. ಎರಡು ಒಬ್ಬಟ್ಟು ಅವರೇ ತಿಂದರು. ಉಳಿದದ್ದು ನನಗೆ.

ಅವಳ ತಟ್ಟೆಯಲ್ಲಿ ಉಳಿದದ್ದೆಲ್ಲವೂ ನನಗೇ. ಚೆಲ್ಲಲು ಮನಸ್ಸು ಬಾರದೆ ಗಂಜಿ, ಇಡ್ಲಿ, ರಸ ಎಲ್ಲವನ್ನೂ ನಾನೇ ಮುಗಿಸಿದೆ. ಅವಳ ಬಳೆಗಳು ಮೊಣಕೈವರೆಗೆ ಜಾರತೊಡಗಿದವು. ನನ್ನ ಪ್ಯಾಂಟಿನ ಗುಂಡಿ ಹಾಕಲಾಗಲಿಲ್ಲ. "ನೀವು ಕಳೆಕಳೆಯಾಗಿದ್ದೀರಿ," ಎಂದು ಜನ ನನ್ನನ್ನೇ ಮೆಚ್ಚಿಕೊಂಡು ಹೋಗುತ್ತಿದ್ದರು.

ಒಂದು ಮಧ್ಯಾಹ್ನ ಅವಳು ಚಮಚವನ್ನು ದೂಡಿದಾಗ ತಡೆಯಲಾಗಲಿಲ್ಲ. "ಬದುಕೋ ಆಸೆ ಇಲ್ವೇನೇ ನಿನಗೆ?" ಎಂದು ಕೂಗಿದೆ. ಅವಳು ಆ ತುತ್ತನ್ನು ನುಂಗಿದಳು. ಐದು ನಿಮಿಷಕ್ಕೆ ಅದೂ ಹೊರಗೆ ಬಂತು.

ಮುಂದಿನ ವಾರ ಆಸ್ಪತ್ರೆಗೆ ಹೊರಟಾಗ ಅವಳು ಜರಿಯಂಚಿನ ಮದುವೆ ಸೀರೆ ಉಟ್ಟಿದ್ದಳು. ಉತ್ಸಾಹ ಬಂದಿದೆಯೆಂದು ನಾನು ಹಿಗ್ಗಿದೆ. ಅಲ್ಲಿ ಪ್ರತಿ ವಾರ ಅವಳನ್ನು ತೂಗುತ್ತಿದ್ದರು; ಈ ಸಲ ತೂಕ ಒಂದೂವರೆ ಕೆಜಿ ಏರಿತ್ತು! ನರ್ಸುಗಳಿಗೆಲ್ಲ ಮೈಸೂರು ಪಾಕು ಹಂಚಿ, ನನ್ನ ವೇಳಾಪಟ್ಟಿಯ ಮಹಿಮೆಯನ್ನೂ ಬಣ್ಣಿಸಿದೆ. ಅದರ ಮುಂದಿನ ವಾರವೂ ಅದೇ ಸೀರೆ.

ಊಟದ ಸಲಹೆ ಕೊಡುವ ಹುಡುಗಿಗೆ ಅನುಮಾನ ಬಂತು. "ಅಮ್ಮ, ಆಸ್ಪತ್ರೆ ನೈಟಿ ಹಾಕ್ಕೊಂಡು ಬನ್ನಿ," ಎಂದಳು. ಸೀರೆ ಬಿಚ್ಚುವಾಗ ಸೊಂಟದಿಂದ ಠಣ್ಣನೆ ಬಿದ್ದದ್ದು ನಮ್ಮ ಗೇಟಿನ ಹಿತ್ತಾಳೆ ಬೀಗ. ಅದು ಕಾಣದೆ ಬೆಳಿಗ್ಗೆ ನಾನು ಗೇಟಿಗೆ ದಾರ ಕಟ್ಟಿ ಬಂದಿದ್ದೆ. ನೈಟಿಯಲ್ಲಿ ತೂಗಿದಾಗ ಮುಳ್ಳು ಎಂದಿಗಿಂತ ಕೆಳಗೆ ನಿಂತಿತು.

"ಏನಿದು?" ಎಂದೆ.

"ತೂಕ ಇಳಿದ್ರೆ ನಿಮ್ಮ ಮುಖ ನೋಡಕ್ಕಾಗಲ್ಲ ಕಣ್ರೀ," ಎಂದಳು.

ಆ ಹುಡುಗಿ ನನ್ನನ್ನು ಕೂರಿಸಿ ಹೇಳಿದಳು: "ಕಾಯಿಲೆ, ಔಷಧಿ ಎರಡೂ ಸೇರಿ ಹಸಿವನ್ನ ಕೊಲ್ಲುತ್ತೆ ಸಾರ್. ಅವರದ್ದು ಹಟ ಅಲ್ಲ. ಕೇಳಿದ್ದನ್ನ, ಕೇಳಿದಾಗ, ಸ್ವಲ್ಪ ಕೊಡಿ. ಮಿಕ್ಕಿದ್ದಕ್ಕೆ ನಾವಿದ್ದೀವಿ." ಆಮೇಲೆ, "ನೀವು ನಿದ್ದೆ ಮಾಡ್ತಿದ್ದೀರಾ?" ಎಂದಳು. ಅಷ್ಟು ತಿಂಗಳಲ್ಲಿ ಯಾರೂ ಕೇಳಿರದ ಪ್ರಶ್ನೆ. ಶಾಲೆಯನ್ನೇ ನಡುಗಿಸಿದ ಮೇಷ್ಟ್ರಾದ ನಾನು ಎಲ್ಲರೆದುರು ಬಿಕ್ಕಿಬಿಕ್ಕಿ ಅತ್ತೆ. ಒಂದು ಕೈಯಲ್ಲಿ ಬೀಗ ಹಿಡಿದಿದ್ದ ಹೆಂಡತಿ ಇನ್ನೊಂದರಿಂದ ನನ್ನ ಬೆನ್ನು ಸವರಿದಳು.

ಹಿನಕಲ್‌ನ ನಮ್ಮ ಮನೆಗೆ ಬಂದು ವೇಳಾಪಟ್ಟಿ ಕಿತ್ತುಹಾಕಿದೆ. ಎರಡು ದಿನ ಏನು ತಿಂದೆಯೆಂದು ಕೇಳದೆ ಇರುವುದಕ್ಕೆ ಹಲ್ಲು ಕಚ್ಚಿಕೊಂಡಿದ್ದೆ. ಮೂರನೆಯ ದಿನ ಅವಳೇ, "ಕಲ್ಲಂಗಡಿ ಹಣ್ಣು ಸಿಗುತ್ತೇನ್ರೀ?" ಎಂದಳು. ಎರಡು ಹೋಳು ತಿಂದಳು, ಅದು ಹೊಟ್ಟೆಯಲ್ಲಿ ನಿಂತಿತು.

ಚಿಕಿತ್ಸೆ ಮುಗಿದು ವರ್ಷವಾಗುತ್ತಾ ಬಂತು. ಕಳೆದುಕೊಂಡ ತೂಕದಲ್ಲಿ ಅರ್ಧವಷ್ಟೇ ಮರಳಿದೆ. ಈಗಲೂ ಅವಳು ಒಂದೂವರೆ ದೋಸೆಗೆ ಕೈ ತೊಳೆಯಲು ಎದ್ದಾಗ, "ಇನ್ನರ್ಧ..." ಎಂದು ಬಾಯಿ ತೆರೆಯುತ್ತೇನೆ. ಅವಳು ತಿರುಗಿ ನೋಡುತ್ತಾಳೆ. ನಾನು ಲೋಟ ಎತ್ತಿ ನೀರು ಕುಡಿಯುತ್ತೇನೆ.