ಬಾಗಿಲ ಮುಂದಿನ ಎಣ್ಣೆಕಲೆ

ಊರವರ ಮೂಗು, ಕಿವಿ ಸೋರುವುದನ್ನು ನಿಲ್ಲಿಸಿ ಹೊಟ್ಟೆ ಹೊರೆದುಕೊಂಡವನು ನಾನು. ಆದರೆ ನನ್ನ ಸ್ವಂತ ಕಾರು ಸೋರುವುದನ್ನು ನಿಲ್ಲಿಸಲು ನನ್ನ ಕೈಲಾಗಲಿಲ್ಲವೆಂದು ನಿಮ್ಮೊಬ್ಬರ ಹತ್ತಿರ ಮಾತ್ರ ಒಪ್ಪಿಕೊಳ್ಳುತ್ತೇನೆ. ನಾನು ಹುಣಸೂರಿನಲ್ಲಿ ಡಾಕ್ಟರನಾಗಿ ಬೋರ್ಡು ಹಾಕಿದ ಹೊಸತು. ಮಹಾರಾಜರ ಆ ಕಾಲದಲ್ಲಿ ಊರಿನ ಕಾರುಗಳನ್ನೆಲ್ಲ ಎಣಿಸಲು ಒಂದು ಕೈಯ ಬೆರಳು ಸಾಕಿತ್ತು. ನನ್ನದನ್ನು ಮಾರಿದ ಕೊಡಗಿನ ತೋಟದ ದೊರೆ, "ಮುದುಕಿಯಾದರೂ ಗಟ್ಟಿಮುಟ್ಟು" ಎಂದಿದ್ದರು. ಅದು ನಿಜವೇ. ಮುದಿ ವಯಸ್ಸಿನಲ್ಲಿ ಬರುವ ಒಂದು ತೊಂದರೆಯನ್ನು ಮಾತ್ರ ಸಂಕೋಚಕ್ಕೆ ಹೇಳಿರಲಿಲ್ಲ.

ಮುಂದುಗಡೆ ನೀರು, ಅಡಿಯಲ್ಲಿ ಎಣ್ಣೆ. ನೀರಿಗಾಗಿ ದಾರಿಯ ಪ್ರತಿ ಬಾವಿಯ ಹತ್ತಿರವೂ ನಿಲ್ಲಬೇಕಾಗುತ್ತಿತ್ತು. ಹೆಂಗಸರು ಕೊಡದಿಂದ ಅದರ ಬಾಯಿಗೆ ನೀರು ಹುಯ್ದು, "ಪಾಪ, ಎಷ್ಟು ಬಾಯಾರ್ಕೆ ಆಗ್ಯದೆ ನೋಡು ಇದ್ಕೆ" ಅನ್ನುವರು. ರೇಡಿಯೇಟರಿಗೆ ರಾಗಿಹಿಟ್ಟು ಹಾಕಿದರೆ ತೂತು ಮುಚ್ಚುತ್ತದೆಂದು ನನ್ನ ಕಾಂಪೌಂಡರ್ ಹೇಳಿದ. ಒಂದು ಪಾವು ಹಾಕಿದೆ. ತೂತು ಮುಚ್ಚಿತು, ಸುಳ್ಳು ಹೇಳಬಾರದು. ಅದರ ಜೊತೆಗೆ ನೀರು ಓಡಾಡುವ ದಾರಿಗಳೂ ಮುಚ್ಚಿಕೊಂಡು, ಊರಾಚೆಯ ದಿಣ್ಣೆ ಹತ್ತುವಾಗ ಮುಚ್ಚಳ ಹಾರಿ ಬಿಸಿಬಿಸಿ ಅಂಬಲಿ ಉಕ್ಕಿತು. ಅಂದಿನಿಂದ ಅಲ್ಲಿಯ ಎರಡು ನಾಯಿಗಳು ನನ್ನ ಕಾರಿನ ಶಬ್ದ ಕೇಳಿದರೆ ಸಾಕು, ಬಾಲ ಆಡಿಸುತ್ತ ಓಡಿಬರುತ್ತಿದ್ದವು.

ನೀರು ಬಿದ್ದಲ್ಲಿ ಒಣಗುತ್ತದೆ. ಎಣ್ಣೆ ಹಾಗಲ್ಲ. ನಾನು ನಿಂತಲ್ಲೆಲ್ಲ ಹಪ್ಪಳದಗಲ ಕಪ್ಪು ಕಲೆ. ಡಾಕ್ಟರ ಕಾರು ನಿಲ್ಲುವುದು ಕಾಯಿಲೆಯವರ ಮನೆ ಮುಂದೆ ತಾನೆ? ಯಾರ ಮನೆಯಲ್ಲಿ ಯಾರು ಮಲಗಿದ್ದಾರೆಂದು ಜನ ಕಲೆ ನೋಡಿಯೇ ಹೇಳಿಬಿಡುವರು. ರೋಗಿಯ ಗುಟ್ಟು ಕಾಯುತ್ತೇನೆಂದು ನಾನೇನೋ ಮಾತು ಕೊಟ್ಟಿದ್ದೆ, ಕಾರು ಕೊಟ್ಟಿರಲಿಲ್ಲ.

ಒಂದು ಶುಕ್ರವಾರ ಕಟ್ಟೆಮಳಲವಾಡಿಯ ಕೆಂಪಮ್ಮ ಬಂದರು. ಬೇಸಾಯದ ಮನೆಯವರು. ಅವರ ಅತ್ತೆಗೆ ಹಳೆಯ ಉಬ್ಬಸ. ಸೂಜಿ ಹಾಕಲು ನಾನು ಆಗಾಗ ಹೋಗುತ್ತಿದ್ದೆ.

"ಸ್ವಾಮಿ, ಸೋಮ್ವಾರ ನಮ್ ಮಗ್ಳು ಸಾಕೀನ ನೋಡಕ್ಕೆ ಪಿರಿಯಾಪಟ್ಣದ ಕಡೆಯಿಂದ ಬತ್ತಾವ್ರೆ. ಅಲ್ಲೀಗಂಟ ನಿಮ್ ಕಾರ ನಮ್ ಬಾಗ್ಲಲ್ಲಿ ನಿಲ್ಲಿಸ್ಬ್ಯಾಡಿ. ಕಾಯ್ಲೆ ಮನೆ ಅಂತ ಹಿಂದ್ಲ ಸಂಬಂಧ ಅಂಗೇ ತಪ್ಪೋಯ್ತು. ಎಷ್ಟು ಸಗಣಿ ಸಾರ್ಸಿದ್ರೂ ಆ ಎಣ್ಣೆ ಮ್ಯಾಕ್ಕೇ ಬತ್ತದೆ."

ನನಗೆ ನಾಚಿಕೆಯಾಯಿತು. ಒಂದು ಹೆಣ್ಣಿನ ಮದುವೆಗೆ ನನ್ನ ಕಾರು ಅಡ್ಡ ನಿಂತಿತ್ತು. ಮುದುಕಿಯ ಉಬ್ಬಸವೋ, ಸೋಮವಾರದ ತನಕ ಕಾಯುವಂಥದಲ್ಲ. ಶನಿವಾರ ಉಪಾಯ ಮಾಡಿ ಪಕ್ಕದ ಮನೆಯ ಮುಂದೆ ನಿಲ್ಲಿಸಿದೆ. ಆ ಮನೆಯ ಜವರೇಗೌಡರು ಹೊರಗೆ ಬಂದವರೇ, "ನಮ್ಮನೇಲಿ ಎಲ್ರೂ ಗುಂಡ್ಕಲ್ಲಂಗವ್ರೆ! ತಗೀರಿ ಸ್ವಾಮಿ ಅತ್ಲಾಗೆ!" ಎಂದು ಕೂಗಿದರು. ಭಾನುವಾರ ಬೆಳಿಗ್ಗೆ ಕಾರನ್ನು ಬುಡನ್ ಸಾಹೇಬರ ಮುಂದೆ ತಂದು ನಿಲ್ಲಿಸಿದೆ.

ಬುಡನ್ ಸಾಹೇಬರು ಪಾತ್ರೆಗೆ ಕಲಾಯಿ, ಕೊಡಕ್ಕೆ ಬೆಸುಗೆ ಹಾಕುವವರು. ರೇಡಿಯೇಟರು ಅವರ ಕಣ್ಣಿಗೆ ಇನ್ನೊಂದು ಕೊಡ. ನನ್ನ ರಾಗಿಯನ್ನೆಲ್ಲ ತೊಳೆದು ತೆಗೆದು ತೂತಿಗೆ ಬೆಸುಗೆ ಹಾಕಿದರು. ಎಣ್ಣೆಯದಕ್ಕೆ ಮಾತ್ರ ತುಸು ಯೋಚಿಸಿದರು. ಎಂಜಿನ್ನಿನ ಹೊರಮೈಯನ್ನು ಸೀಮೆಎಣ್ಣೆಯಲ್ಲಿ ಒರೆಸಿ, ಒಣಗಿಸಿ, ಮೇಲೆಲ್ಲ ರಂಗೋಲಿ ಪುಡಿ ಉದುರಿಸಿ, ಶುರು ಮಾಡಿ ಎಂದರು. ಸ್ವಲ್ಪ ಹೊತ್ತಿನಲ್ಲಿ ಬಿಳಿಯ ಮೇಲೆ ಒಂದು ಒದ್ದೆ ಗೆರೆ ಇಳಿಯಿತು. ಅದು ಹೊರಟಿದ್ದು, ಎಣ್ಣೆ ನಿಲ್ಲಲೆಂದು ನಾನು ಹಿಂದೆ ಬಟ್ಟೆ ಸುತ್ತಿದ್ದ ಜಾಗಕ್ಕಿಂತ ಒಂದು ಗೇಣು ಮೇಲೆ.

"ಡಾಕ್ಟ್ರ ಸಾಬ್, ತೊಟ್ಟು ಬೀಳೋದು ಒಂದ್ಕಡೆ, ಸೋರೋದು ಒಂದ್ಕಡೆ. ನೀವು ಬೀಳೋ ಕಡೆ ಪಟ್ಟಿ ಕಟ್ಟಿದ್ದೀರಿ," ಎಂದರು.

ಇದು ನನಗೆ ಗೊತ್ತಿರಬೇಕಾಗಿತ್ತು. ತಲೆನೋವೆಂದು ಬಂದ ಹೆಂಗಸಿಗೆ ಒಂದು ತಿಂಗಳು ತಲೆಗೇ ಔಷಧಿ ಕೊಟ್ಟು, ಕೊನೆಗೆ ನೋವಿನ ಮೂಲ ಆಕೆಯ ಗಂಡನೆಂದು ಕಂಡುಕೊಂಡವನು ನಾನು. ಸಾಹೇಬರು ಎಂಜಿನ್ನಿನ ಮುಚ್ಚಳ ಬಿಚ್ಚಿದರು. ಎಣ್ಣೆ ಹೊರಬರದಂತೆ ಅದರ ಕೆಳಗೆ ಇಟ್ಟಿದ್ದ ಪಟ್ಟಿ ಒಣಗಿ ಪುಡಿಯಾಗಿತ್ತು. ಹೊಸದಕ್ಕೆ ಒಳ್ಳೆಯ ಚರ್ಮ ಬೇಕೆಂದು ಸುತ್ತ ನೋಡಿದರು. ಅವರ ದೃಷ್ಟಿ ನನ್ನ ಬೂಟಿನ ಮೇಲೆ ನಿಂತಿತು. ಸಂಜೆ ಒಂದೇ ಕಾಲಿನ ಬೂಟಿನಲ್ಲಿ, ಒಂದು ತೊಟ್ಟೂ ಸೋರದ ಕಾರಿನಲ್ಲಿ ಮನೆಗೆ ಬಂದೆ.

ಸೋಮವಾರ ಬೆಳಿಗ್ಗೆ ಹೋಗಿ ಮುದುಕಿಗೆ ಸೂಜಿ ಹಾಕಿದೆ. ಕೆಂಪಮ್ಮ ಹಳೆಯ ಕಲೆಯ ಮೇಲೆ ಹೊಸ ಮಣ್ಣು ಹಾಕಿ, ಸಾರಿಸಿ, ಅಂಗಳವನ್ನು ಕನ್ನಡಿ ಮಾಡಿದ್ದರು. ನಾನು ಬೀಗುತ್ತ ಹಿಂತಿರುಗಿದೆ. ಮಧ್ಯಾಹ್ನ ಅವರ ಗಂಡ ಏದುಸಿರು ಬಿಡುತ್ತ ಬಂದರು.

"ಬೇಗ ಬನ್ನಿ ಸ್ವಾಮಿ. ಕೆಟ್ಟೋಯ್ತು. ವೀಳ್ಯ ಮುಟ್ಟದೆ ಕೂತವ್ರೆ."

ಕಾರು ಹತ್ತಿಸಿಕೊಂಡು ಓಡಿದೆ. ಪಡಸಾಲೆಯಲ್ಲಿ ವೀಳ್ಯದ ತಟ್ಟೆಯ ಮುಂದೆ ಗಂಡಿನ ದೊಡ್ಡಪ್ಪ ಕೂತಿದ್ದರು. ದೊಡ್ಡ ಪೇಟ, ಅದಕ್ಕಿಂತ ದೊಡ್ಡ ಮೀಸೆ.

"ಊರ ನೋಡ್ಕಂಡು, ಕೇಳ್ಕಂಡೇ ಬಂದೆ ಸ್ವಾಮಿ. ಕಾಯ್ಲೆ ಬಿದ್ದೋರ ಬಾಗ್ಲಲ್ಲೆಲ್ಲ ಡಾಕ್ಟ್ರ ಕಾರಿನ ಕಲೆ ಅದೆ. ಈ ಮನೆ ಮುಂದೆ ಮಾತ್ರ ಇಲ್ಲ. ಒಳಗೆ ಮುದುಕಮ್ಮ ಎದೆ ಒಡ್ಯಂಗೆ ಕೆಮ್ತಾವ್ಳೆ. ಅತ್ತೆಗೆ ಡಾಕ್ಟ್ರ ಕರ್ಸದ ಮನೆ ಹೆಣ್ಣು ನಾಳೆ ನಮ್ ಮುದುಕೀನ ನೋಡ್ಕಂಡಾಳಾ?"

ಬೆಳಿಗ್ಗೆ ತಾನೆ ಬಂದಿದ್ದೆನೆಂದೆ.

"ಬಂದಿದ್ರೆ ಕಲೆ ಎಲ್ಲಿ?"

ಸೋರುವುದು ನಿಂತಿದೆಯೆಂದೆ. ಅವರು ಮೀಸೆಯಲ್ಲೇ ನಕ್ಕರು. ನಾನು ಹೊರಗೆ ಬಂದು, ಒಂದು ತೊಟ್ಟಾದರೂ ಬಿದ್ದಿರಲಿ ದೇವರೇ ಎಂದು ಕಾರಿನಡಿ ಬಗ್ಗಿ ನೋಡಿದೆ. ಏನೂ ಇಲ್ಲ. ಬುಡನ್ ಸಾಹೇಬರ ಕೈಗುಣದ ಮೇಲೆ ಅವತ್ತು ಬಂದಷ್ಟು ಕೋಪ ನನಗೆ ಇನ್ಯಾವುದರ ಮೇಲೂ ಬಂದಿಲ್ಲ.

ಅಷ್ಟರಲ್ಲಿ ಕೆಂಪಮ್ಮ ಕುಡುಗೋಲು ಹಿಡಿದು ಹೊರಗೆ ಬಂದರು. ಒಂದು ಕ್ಷಣ ನನಗೇ ಭಯವಾಯಿತು. ಅವರು ಬಾಗಿಲ ಮುಂದೆ ಕುಕ್ಕರಗಾಲಲ್ಲಿ ಕೂತು, ತಾವೇ ಸಾರಿಸಿದ ನೆಲವನ್ನು ಕರಕರನೆ ಕೆರೆಯತೊಡಗಿದರು. ಹೊಸ ಮಣ್ಣು ಎದ್ದಿತು. ಕೆಳಗೆ ಕಪ್ಪು. ಅದನ್ನು ಕೆರೆದರೆ ಸಗಣಿ, ಅದರ ಕೆಳಗೆ ಮತ್ತೆ ಕಪ್ಪು.

"ಬನ್ನಿ ಯಜಮಾನ್ರೇ, ನೋಡಿ. ಇದು ಮೊನ್ನೆ ಮಂಗ್ಳವಾರದ್ದು. ಇದು ದೀವಳ್ಗೇಲಿ ಅತ್ತೆಮ್ಮುಂಗೆ ಉಸ್ರು ಕಟ್ದಾಗಿಂದು. ಇದು ಗೌರಿ ಹಬ್ಬದ್ದು. ಇನ್ನೂ ಕೆರೀಲಾ?"

ಮಾತು ಮುಗಿಯುವಷ್ಟರಲ್ಲಿ ಅವರ ಕಣ್ಣು ತುಂಬಿತ್ತು. ಗಂಡಿನ ದೊಡ್ಡಪ್ಪ ಕೂತು, ಬೆರಳಲ್ಲಿ ಮುಟ್ಟಿ ಮೂಸಿ ನೋಡಿದರು. "ಸಾಕು ಬುಡವ್ವ," ಎಂದು ಒಳಗೆ ಹೋಗಿ ವೀಳ್ಯ ಎತ್ತಿಕೊಂಡರು. ಹೊರಡುವಾಗ ಮಂಡಿ ಹಿಡಿದುಕೊಂಡು ನನ್ನ ಹತ್ತಿರ ಬಂದು, "ನಮ್ಮೂರ್ಗೂ ಒಂದ್ಸಲ ಬನ್ನಿ ಸ್ವಾಮಿ. ಕಾರ ನಮ್ ಬಾಗ್ಲಲ್ಲೇ ನಿಲ್ಸಿ," ಎಂದರು.

ನನ್ನ ಬೂಟಿನ ಚರ್ಮ ಸಾಕಿಯ ಮದುವೆಯ ತನಕ ಬಾಳಿತು. ಚಪ್ಪರದ ಮುಂದೆ ನಿಲ್ಲಿಸಿದ್ದಾಗ ತೊಟ್ಟಿಕ್ಕತೊಡಗಿತು. ಯಾರೋ ಹೆಂಗಸು ಸಾರಿಸಲು ಸಗಣಿ ತಂದರೆ ಕೆಂಪಮ್ಮ ಆ ಕಲೆಯನ್ನು ಮುಟ್ಟಗೊಡಲಿಲ್ಲವಂತೆ. ಇನ್ನೊಂದು ಕಾಲಿನ ಬೂಟು ಇದೆಯಲ್ಲ, ತನ್ನಿ, ಎಂದು ಬುಡನ್ ಸಾಹೇಬರು ಸಿಕ್ಕಾಗಲೆಲ್ಲ ನೆನಪಿಸುತ್ತಾರೆ. ತರುತ್ತೇನೆ, ಅವಸರವೇನಿಲ್ಲ, ಅನ್ನುತ್ತೇನೆ.