ಕಲ್ಲು ಕಟ್ಟದ ಡಬ್ಬಿ

ಕುದಿಯುವ ಮಾವಿನ ರಸ ಕಡಾಯಿಯಿಂದ ಸಿಡಿದಾಗ ಹತ್ತಿರವಿದ್ದ ಹೆಂಗಸರು ಕಿರುಚುತ್ತಾ ಹಿಂದಕ್ಕೆ ಓಡಿದರು. ನಾನು ಮಾತ್ರ, ಎಂಜಿನಿಯರಿಗೆ ತಕ್ಕ ಹಾಗೆ, ಕಡಾಯಿಗೆ ಹಬೆ ಬಿಡುವ ವಾಲ್ವಿನ ಮೀಟರನ್ನೇ ನೋಡುತ್ತ ನಿಂತಿದ್ದೆ. ಮುಳ್ಳು ಒಂದಿಷ್ಟೂ ಅಲುಗಿರಲಿಲ್ಲ. ಮೀಟರಿನ ಪ್ರಕಾರ ಎಲ್ಲವೂ ಸರಿಯಾಗಿತ್ತು. ಬಾಯ್ಲರ್ ನೋಡಿಕೊಳ್ಳುತ್ತಿದ್ದ ಮುನಿವೆಂಕಟಪ್ಪ ಓಡಿಬಂದು, ವಾಲ್ವನ್ನು ಕೈಯಿಂದಲೇ ತಿರುಗಿಸಿ ಹಬೆ ನಿಲ್ಲಿಸಿದ.

ಇದು ಎಂಬತ್ತರ ದಶಕದಲ್ಲಿ ಶ್ರೀನಿವಾಸಪುರದ ಮಾವಿನ ರಸದ ಕಾರ್ಖಾನೆಯೊಂದರಲ್ಲಿ ನಡೆದದ್ದು. ಹಬೆಯ ವಾಲ್ವನ್ನು ಆಡಿಸುವ ಹೊಸ ಎಲೆಕ್ಟ್ರಾನಿಕ್ ಡಬ್ಬಿಗೆ ಸಂಕೇತ ತರುವ ತಂತಿಯನ್ನು ಅಳಿಲು ಕಡಿದುಹಾಕಿತ್ತು. ಹಾಗೆ ತಂತಿ ತುಂಡಾದರೆ ವಾಲ್ವ್ ಮುಚ್ಚಿಕೊಳ್ಳಬೇಕೋ, ಇದ್ದಂತೆಯೇ ಇರಬೇಕೋ ಎಂದು ತೀರ್ಮಾನಿಸುವ ಸಣ್ಣ ಸ್ವಿಚ್ಚೊಂದು ಡಬ್ಬಿಯೊಳಗಿತ್ತು. ಕೆಲಸ ನಿಲ್ಲಬಾರದೆಂದು ನಾನೇ ಅದನ್ನು 'ಇದ್ದಂತೆಯೇ' ಎಂಬ ಕಡೆಗೆ ಇಟ್ಟಿದ್ದೆ. ಮುಕ್ಕಾಲು ತೆರೆದಿದ್ದ ವಾಲ್ವ್ ನನ್ನ ಮಾತನ್ನು ಚಾಚೂ ತಪ್ಪದೆ ಪಾಲಿಸಿತ್ತು.

ಮುನಿವೆಂಕಟಪ್ಪ ಡಬ್ಬಿಯನ್ನು ಸುತ್ತಲೂ ನೋಡಿದ. "ಏಮಿ ಸಾರ್ ಇದು? ಬಾವಿಯಾಗೆ ನೀರೆತ್ತೋ ಏತದಾಗೆ ಹಗ್ಗ ಕೈ ಜಾರಿದ್ರೆ ಬಕೀಟು ತಾನಾಗೇ ಮೇಲಕ್ ಬರ್ತದೆ, ಅದಕ್ಕೇ ಹಿಂದೆ ಕಲ್ಲು ಕಟ್ಟಿರ್ತೀವಿ. ನಿಮ್ ಡಬ್ಬಿಗೆ ಕಲ್ಲು ಎಲ್ಲಿ ಕಟ್ಟಿದೀರಾ?"

ನಾನು ಸ್ವಿಚ್ಚನ್ನು 'ಮುಚ್ಚು' ಎಂಬ ಕಡೆಗೆ ತಳ್ಳಿದೆ. 'ತಜ್ಞರ ಸಲಹೆಯಂತೆ ಬದಲಾಯಿಸಲಾಗಿದೆ' ಎಂದು ವರದಿ ಬರೆದೆ. ತಜ್ಞರು ಯಾರೆಂದು ಮೇಲಿನವರು ಕೇಳಿದಾಗ ನನ್ನ ಹೆಸರನ್ನೇ ಕೊಟ್ಟೆ. ಅದರಿಂದ ನನಗೆ ಬಡ್ತಿ ಬಂದಾಗ ಎಲ್ಲರಿಗಿಂತ ಮೊದಲು ಮಾವಿನಹಣ್ಣು ತಂದುಕೊಟ್ಟು ಸಂತೋಷಪಟ್ಟವನು ಮುನಿವೆಂಕಟಪ್ಪನೇ.