ಕವಲಿನಲ್ಲಿ ಚಾಚಿದ ಕೈ

ಬೆಟ್ಟದ ಬುಡದಲ್ಲಿರುವ ಆ ಬೈಕ್ ಪ್ರವಾಸ ನಡೆಸುವ ಶೆಡ್ಡಿನಲ್ಲಿ ಅವಳನ್ನು ಹೆಸರು ಹಿಡಿದು ಕರೆಯುವವರಿಲ್ಲ. ಸಾಲಿನ ಕೊನೆಯ ಬೈಕು ಅವಳದು, ಹಾಗಾಗಿ ಎಲ್ಲರಿಗೂ ಅವಳು ‘ಬಾಲ’. ಮುಂದಿನವರ ಗಾಡಿ ಕೆಟ್ಟರೆ ನಿಂತು ರಿಪೇರಿ ಮಾಡುವುದು, ಬಿದ್ದವರನ್ನು ಎಬ್ಬಿಸುವುದು, ಇಳಿಜಾರಿನ ತಿರುವಿನಲ್ಲಿ ಕೈಕಾಲು ನಡುಗಿದವರಿಗೆ ಎರಡು ಧೈರ್ಯದ ಮಾತು ಹೇಳುವುದು, ಇದು ಅವಳ ಕೆಲಸ. ಬೈಕಿನ ಎರಡೂ ಪಕ್ಕದ ಚೀಲಗಳಲ್ಲಿ ಟ್ಯೂಬು, ತೇಪೆ, ಪ್ಲಗ್ಗು, ಕ್ಲಚ್ ಕೇಬಲ್ಲು, ಹತ್ತಿ, ಬ್ಯಾಂಡೇಜು ಇರುತ್ತವೆ. ಒಂದೇ ಒಂದು ಕೆಲಸವನ್ನು ಮಾತ್ರ ಅವಳು ಮಾಡುವಂತಿಲ್ಲ: ಯಾರನ್ನೂ ಹಿಂದೆ ಹಾಕುವಂತಿಲ್ಲ. ಮುಂದಿರುವವರು ಆಮೆಯಂತೆ ಹೋದರೆ ಅವಳು ಆಮೆಗಿಂತ ನಿಧಾನವಾಗಿ ಹೋಗಬೇಕು.

ಸಾಲಿನ ತಲೆಯಲ್ಲಿ ಅವಳ ಭಾವ. ಅಕ್ಕನ ಗಂಡ, ಶೆಡ್ಡಿನ ಯಜಮಾನ, ಪ್ರವಾಸದ ಗೈಡು. ಅವರು ಈ ಮನೆಗೆ ಅಳಿಯನಾದ ಕಥೆಯನ್ನು ಅವಳು ಬಂದ ಪ್ರವಾಸಿಗರಿಗೆಲ್ಲ ಹೇಳುತ್ತಿದ್ದಳು. “ನಮ್ಮಪ್ಪಂದು ಬಸ್‌ಸ್ಟ್ಯಾಂಡ್ ಹತ್ರ ಪಂಚರ್ ಅಂಗಡಿ. ಇವರು ಟ್ಯೂಬಿಗೆ ತೇಪೆ ಹಾಕಿಸೋಕೆ ಬಂದೋರು, ನಮ್ಮಕ್ಕನ್ನೇ ಹಾರಿಸ್ಕೊಂಡು ಹೋದ್ರು. ತೇಪೆ ಹಾಕಿದ್ದು ನಾನು. ಇವತ್ತಿಗೂ ಕೂಲಿ ಕೊಟ್ಟಿಲ್ಲ.”

ಭಾವ ಸುಮ್ಮನಿರುವವರಲ್ಲ. ಎಡ ಹುಬ್ಬನ್ನು ಮೇಲೇರಿಸಿ, “ನಮ್ಮ ನಾದಿನಿ ಹಿಂದೆ ಬಂದು ಬಂದು ಎಷ್ಟು ಧೂಳು ತಿಂದಿದಾಳೆ ಅಂದ್ರೆ, ಅವಳ ಹೊಟ್ಟೇಲಿ ಅರ್ಧ ಬೆಟ್ಟ ಇದೆ” ಎನ್ನುತ್ತಿದ್ದರು.

“ಇನ್ನರ್ಧ ನಿಮ್ಮ ತಲೇಲಿದೆ ಭಾವ.”

ಅದು ಬರೀ ತಮಾಷೆಯೂ ಆಗಿರಲಿಲ್ಲ. ಅವಳಿಗೆ ಬೈಕ್ ಕಲಿಸಿದವರೇ ಅವರು, ಹಳೆಯ ಕಲ್ಲುಕ್ವಾರಿಯ ಬಯಲಿನಲ್ಲಿ. ಬೆಟ್ಟದಿಂದ ಕಡಲವರೆಗಿನ ದಾರಿಗಳೆಲ್ಲ ಅವರಿಗೆ ಅಂಗೈಯ ಗೆರೆಗಳಿದ್ದಂತೆ. ಯಾರಾದರೂ ನಕ್ಷೆ ಕೇಳಿದರೆ ಮೊಣಕಾಲು ತಟ್ಟಿ, “ನಕ್ಷೆ ಇಲ್ಲಿದೆ” ಎನ್ನುತ್ತಿದ್ದರು.

ಸಾಲು ನಡೆಸಲು ಅವರು ಮಾಡಿದ್ದ ನಿಯಮ ಸರಳ. ದಾರಿ ಕವಲೊಡೆಯುವಲ್ಲಿ ಭಾವ ತಮ್ಮ ಹಿಂದಿದ್ದವರನ್ನು ನಿಲ್ಲಿಸಿ, ತಾವು ಮುಂದೆ ಹೋಗುತ್ತಾರೆ. ನಿಂತವರು ಕೈ ಚಾಚಿ, ಬರುವವರಿಗೆಲ್ಲ ದಾರಿ ತೋರಿಸಬೇಕು. ಮಳೆ ಬರಲಿ, ಬಿಸಿಲಿರಲಿ, ಬಾಲ ಬಂದು ಮುಟ್ಟುವವರೆಗೆ ಕದಲಬಾರದು. ಬಾಲ ಬಂದಳೆಂದರೆ ಎಲ್ಲರೂ ದಾಟಿದರೆಂದು ಅರ್ಥ. ಆಗ ಅವರೂ ಹೊರಡುತ್ತಾರೆ. ಹೀಗಾಗಿ ಒಬ್ಬರಿಗೊಬ್ಬರು ಕಾಣದಷ್ಟು ದೂರವಾದರೂ ದಾರಿ ತಪ್ಪುವುದಿಲ್ಲ. ಇಷ್ಟು ವರ್ಷಗಳಲ್ಲಿ ಯಾರೂ ತಪ್ಪಿರಲಿಲ್ಲ.

ಅಕ್ಕ ಎಲ್ಲರ ಸಾಮಾನು ತುಂಬಿದ ನೀಲಿ ವ್ಯಾನು ಓಡಿಸಿಕೊಂಡು ಬೈಕುಗಳಿಗಿಂತ ಮೊದಲೇ ಹೊರಡುತ್ತಿದ್ದಳು. ಮನೆಯಲ್ಲಿದ್ದಾಗ ಹೆಲ್ಮೆಟ್ಟುಗಳ ಒಳಬಟ್ಟೆ ಬಿಚ್ಚಿ ಒಗೆದು ಹಗ್ಗದ ಮೇಲೆ ಹರವುವುದೂ ಅವಳೇ. ಮಾತು ಕಡಿಮೆ. ಗಂಡ ಮತ್ತು ತಂಗಿ ಕಿತ್ತಾಡುವಾಗ, “ಇಬ್ರಿಗೂ ಬಾಯಿಗೆ ಬ್ರೇಕಿಲ್ಲ” ಎಂದು ಒಳಗೆ ಹೋಗುವಳು.

ಆ ಸಲ ಪ್ರವಾಸಕ್ಕೆ ಬಂದವರಲ್ಲಿ ಒಬ್ಬರು ಹಲ್ಲಿನ ಡಾಕ್ಟರು. ಹೊಸ ಚರ್ಮದ ಜಾಕೆಟ್ಟು ಮೈ ಅಲುಗಿದಾಗಲೆಲ್ಲ ಕಿರ್ ಎನ್ನುತ್ತಿತ್ತು. ಅವರಿಗೆ ಭಾವನ ಬೆನ್ನಿಗೇ ಅಂಟಿಕೊಂಡು ಹೋಗುವ ಚಪಲ. ಸಾಲಿನ ಇನ್ನೊಂದು ತುದಿಯಲ್ಲಿ, ಬಾಲದ ಮುಂದೆ, ನಿವೃತ್ತ ಹೆಡ್‌ಮೇಡಂ. ಗಾಡಿ ಕೆಮ್ಮಿದರೆ ಅವರು ಅದಕ್ಕೂ “ಏಯ್, ಗಲಾಟೆ ಮಾಡಬೇಡ” ಎಂದು ಗದರುತ್ತಿದ್ದರು.

ಬೆಟ್ಟದ ಮೇಲಿನ ತಂಗುಮನೆಯಿಂದ ಕಡಲಿಗೆ ಇಳಿಯುವ ದಿನ. ಅಕ್ಕ ವ್ಯಾನು ಹತ್ತಿ ಸ್ವಲ್ಪ ದೂರ ಹೋಗಿದ್ದಳಷ್ಟೆ. ಹೆಡ್‌ಮೇಡಂ ಚೀಲ ತಡಕಿ, ಮಾತ್ರೆಯ ಡಬ್ಬಿಯನ್ನು ಹಿಂದಿನ ದಿನ ಊಟಕ್ಕೆ ನಿಂತ ಊರಿನಲ್ಲೇ ಬಿಟ್ಟು ಬಂದಿದ್ದೇನೆ ಎಂದರು. ಬಿ.ಪಿ. ಮಾತ್ರೆ, ತಪ್ಪಿಸುವಂತಿಲ್ಲ. ಫೋನು ಮಾಡಿದಾಗ ಅಕ್ಕ ವ್ಯಾನು ತಿರುಗಿಸಿಕೊಂಡು ಬಂದಳು.

“ನಾನು ತಂದುಬಿಡ್ತೀನಿ. ಆದ್ರೆ ನಾನು ಬರೋವರೆಗೂ ಯಾರೂ ಹೊರಡಬೇಡಿ.”

“ವ್ಯಾನಿಗೆ ಯಾಕೆ ಕಾಯ್ಬೇಕು?” ಭಾವ ಹೆಲ್ಮೆಟ್ ಹಾಕಿಕೊಂಡಾಗಿತ್ತು. “ನೀನೇನು ನಮ್ಮನ್ನ ಎಳ್ಕೊಂಡು ಹೋಗ್ತೀಯಾ?”

ಎಲ್ಲರೂ ನಕ್ಕರು. ಅಕ್ಕನ ಮುಖ ಮಾತ್ರ ಬೂದಿ ಬಳಿದಂತಾಯಿತು. “ದಯವಿಟ್ಟು ನಿಲ್ರಿ” ಎಂದಳು. ಮಾತ್ರೆಯದ್ದೇ ಚಿಂತೆ ಇರಬೇಕೆಂದು ಬಾಲ ಅಂದುಕೊಂಡಳು. ವ್ಯಾನು ಆ ಕಡೆ ಹೋಯಿತು, ಬೈಕುಗಳು ಈ ಕಡೆ ಹೊರಟವು.

ಇಳಿಜಾರಿನಲ್ಲಿ ಝರಿಯೊಂದು ರಸ್ತೆಯ ಮೇಲೇ ಹರಿಯುತ್ತಿತ್ತು. ಅದನ್ನು ದಾಟುವಾಗ ಹೆಡ್‌ಮೇಡಂ ಗಾಡಿಗೆ ನೀರು ಹೊಕ್ಕು ಸದ್ದಡಗಿತು. ಬಾಲ ಪ್ಲಗ್ಗು ಬಿಚ್ಚಿ, ಒರೆಸಿ, ಮತ್ತೆ ಹಾಕಿ ಹೊರಡಿಸುವಷ್ಟರಲ್ಲಿ ಉಳಿದವರು ಕಣ್ಣಿಗೆ ಬೀಳದಷ್ಟು ಮುಂದೆ ಹೋಗಿದ್ದರು. ಅವಳಿಗೆ ಗಾಬರಿಯೇನಿಲ್ಲ. ಕವಲಿನಲ್ಲಿ ಯಾರಾದರೂ ನಿಂತಿರುತ್ತಾರೆ.

ನಿಂತಿದ್ದರು. ಭಾವ.

ಬೈಕನ್ನು ಪಕ್ಕಕ್ಕೆ ಹಾಕಿ, ಎಡಗೈಯನ್ನು ಕಡಲ ಕಡೆಗೆ ನೆಟ್ಟಗೆ ಚಾಚಿಕೊಂಡಿದ್ದರು. ಹೆಡ್‌ಮೇಡಂ ತಲೆಯಾಡಿಸಿ ಆ ಕಡೆಗೆ ಇಳಿದು ಹೋದರು. ಬಾಲ ಗಾಡಿ ನಿಲ್ಲಿಸಿದಳು.

“ಏನು ಭಾವ, ಗಾಡಿ ಕೈ ಕೊಡ್ತಾ?”

“ಇಲ್ವಲ್ಲ. ಚೆನ್ನಾಗೇ ಇದೆ.”

“ಮತ್ತೆ ನೀವಿಲ್ಲಿ ನಿಂತಿದೀರಿ. ಮುಂದೆ ಯಾರಿದಾರೆ?”

“ಮುಂದೆ ನಾನೇ ಇರೋದು. ಇನ್ಯಾರಿರ್ತಾರೆ?”

ಎಡ ಹುಬ್ಬು ಮೇಲೇರುವುದನ್ನು ಅವಳು ಕಾದಳು. ಏರಲಿಲ್ಲ. ಆಗ ಅವರ ಬೆರಳು ತೋರಿಸುತ್ತಿದ್ದ ಕಡೆಗೆ ನೋಡಿದಳು. ಅದು ಹಳೆಯ ಕಡಲ ರಸ್ತೆ. ಕಳೆದ ಮಳೆಗಾಲದಲ್ಲಿ ಅದರ ಅರ್ಧ ಭಾಗ ಬಂಡೆಗಳ ಸಮೇತ ಸಮುದ್ರಕ್ಕೆ ಜಾರಿಹೋಗಿತ್ತು. ಅಂದಿನಿಂದ ಎಲ್ಲರೂ ಬಲಕ್ಕೆ ತಿರುಗಿ ಹೊಸ ರಸ್ತೆ ಹಿಡಿಯುವುದು. ದಾರಿಗೆ ಅಡ್ಡ ಇಟ್ಟಿದ್ದ ಡ್ರಮ್ಮುಗಳನ್ನು ಯಾರೋ ಉರುಳಿಸಿ ಚರಂಡಿಗೆ ತಳ್ಳಿದ್ದರು.

ಎಲ್ಲ ಪ್ರವಾಸಿಗರೂ ಆ ದಾರಿಯಲ್ಲಿದ್ದರು. ಅವರ ಮುಂದೆ ಗೈಡ್ ಇರಲಿಲ್ಲ.

ಗೇರು ಬದಲಿಸಿದ್ದು ಅವಳಿಗೆ ನೆನಪಿಲ್ಲ. ಮೊದಲ ತಿರುವಿನಲ್ಲೇ ಹೆಡ್‌ಮೇಡಂ ಸಿಕ್ಕರು. “ನಿಲ್ಲಿ ಮೇಡಂ! ಇಲ್ಲಿಂದ ಕದಲಬೇಡಿ!” ಎಂದು ಕೂಗಿ ಅವರನ್ನು ದಾಟಿದಳು. ಆ ಕೆಲಸಕ್ಕೆ ಸೇರಿದ ಮೇಲೆ ಅವಳು ಇನ್ನೊಬ್ಬರನ್ನು ಹಿಂದೆ ಹಾಕಿದ್ದು ಅದೇ ಮೊದಲು. ಮುಂದೆ ಮತ್ತಿಬ್ಬರು, ಅವರ ಮುಂದೆ ಇನ್ನಷ್ಟು ಜನ. ಹಾರ್ನಿನ ಮೇಲಿಂದ ಹೆಬ್ಬೆರಳು ತೆಗೆಯಲಿಲ್ಲ. ಅವರಿಗೆ ಇದೊಂದು ಮೋಜೆನಿಸಿತು. “ನೋಡ್ರೋ, ಬಾಲಕ್ಕೆ ರೆಕ್ಕೆ ಬಂತು!” ಎಂದು ಯಾರೋ ಕೇಕೆ ಹಾಕಿದರು. ಅವಳ ಮುಖ ನೋಡಿದ ಮೇಲೆ ಒಬ್ಬೊಬ್ಬರೂ ಬ್ರೇಕ್ ಒತ್ತಿದರು.

ಕೊನೆಗೆ ಉಳಿದದ್ದು ಡಾಕ್ಟರು. ಅವರು ಕನ್ನಡಿಯಲ್ಲಿ ಅವಳನ್ನು ನೋಡಿದರು. ಯಾರನ್ನೂ ಹಿಂದೆ ಹಾಕದ ಬಾಲ ಹಾರ್ನ್ ಮಾಡುತ್ತ ನುಗ್ಗಿ ಬರುತ್ತಿದ್ದಾಳೆ. ಪಂದ್ಯವೆಂದೇ ತಿಳಿದರು. ಹೆಬ್ಬೆರಳೆತ್ತಿ ತೋರಿಸಿ ವೇಗ ಹೆಚ್ಚಿಸಿದರು.

ಅವಳು ಎಷ್ಟು ಒತ್ತಿ ಬಂದಳೋ ಅವರೂ ಅಷ್ಟು ಓಡಿಸಿದರು. ಬೆನ್ನಟ್ಟಿದಷ್ಟೂ ಅವರನ್ನು ತಾನೇ ಸಾವಿನ ಬಾಯಿಗೆ ದೂಡುತ್ತಿದ್ದೇನೆ ಎಂದು ಅವಳಿಗೆ ಗೊತ್ತಾಯಿತು, ಬಿಡುವ ಹಾಗೂ ಇರಲಿಲ್ಲ. ಬೆಟ್ಟದ ಬದಿಯ ಜಲ್ಲಿಯ ಮೇಲೆ ಗಾಡಿ ಹತ್ತಿಸಿ, ಅವರನ್ನು ದಾಟಿ, ತನ್ನ ಬೈಕನ್ನು ರಸ್ತೆಗೆ ಅಡ್ಡಲಾಗಿ ಕೆಡವಿ ಹಾರಿಕೊಂಡಳು. ಡಾಕ್ಟರ ಗಾಡಿ ಕಿರುಚುತ್ತ ಜಾರಿ ಬಂದು ಅವಳ ಫುಟ್‌ರೆಸ್ಟಿಗೆ ತಾಗಿ ನಿಂತಿತು.

“ಏನಮ್ಮಾ, ತಲೆ ಕೆಟ್ಟಿದೆಯಾ? ಸಾಯಿಸ್ತೀಯಾ?”

ಅವಳು ಅವರ ತೋಳು ಹಿಡಿದು ತಿರುವಿನಾಚೆಗೆ ನಡೆಸಿಕೊಂಡು ಹೋದಳು.

ರಸ್ತೆ ಇರಲಿಲ್ಲ. ಡಾಂಬರು ಕಡಿದ ರೊಟ್ಟಿಯಂತೆ ನಿಂತಿತ್ತು. ಅಂಚಿನ ಬಿಳಿ ಗೆರೆ ಆ ತುದಿಯವರೆಗೂ ಬಂದಿತ್ತು. ಕೆಳಗೆ, ಬಹಳ ಕೆಳಗೆ, ಕಡಲು ಬಂಡೆಗಳ ಮೇಲೆ ಬಿಳಿಯಾಗಿ ಒಡೆಯುತ್ತಿತ್ತು. ಅದರ ಸದ್ದು ಮೇಲಕ್ಕೆ ಸ್ವಲ್ಪ ತಡವಾಗಿ ಬರುತ್ತಿತ್ತು.

ಡಾಕ್ಟರು ಅಲ್ಲೇ ಕೂತರು. ಜಾಕೆಟ್ಟು ಕಿರ್ ಎಂದಿತು. “ಅವರೇ ಕೈ ತೋರಿಸಿದ್ರಲ್ಲ. ನೀವು ಮುಂದೆ ನಡೀರಿ ಅಂದ್ರು. ನನಗೆ ಖುಷಿಯಾಗಿಬಿಡ್ತು” ಎಂದು ಅದನ್ನೇ ಮತ್ತೆ ಮತ್ತೆ ಹೇಳಿದರು.

ಎಲ್ಲರನ್ನೂ ಹಿಂದಕ್ಕೆ ಕರೆತಂದಾಗ ಭಾವ ಕವಲಿನಲ್ಲೇ ಇದ್ದರು. ಕೈ ಹಾಗೇ ಚಾಚಿತ್ತು. ಬೆವರು ಮೊಣಕೈಯಿಂದ ತೊಟ್ಟಿಕ್ಕುತ್ತಿತ್ತು.

“ಬಂದ್ಯಾ? ನೀನು ಬಂದು ಮುಟ್ಟಿದ ಮೇಲೆ ತಾನೆ ನಾನು ಹೊರಡೋದು? ಕೈ ನೋಯ್ತಿದೆ ಕಣಮ್ಮ.”

ಅವಳು ಆ ಕೈಯನ್ನು ತನ್ನ ಎರಡೂ ಕೈಗಳಲ್ಲಿ ಹಿಡಿದು ಮೆಲ್ಲಗೆ ಇಳಿಸಿದಳು. ಅಷ್ಟರಲ್ಲಿ ನೀಲಿ ವ್ಯಾನು ಧೂಳೆಬ್ಬಿಸಿಕೊಂಡು ಬಂದು ನಿಂತಿತು. ಅಕ್ಕ ಇಳಿದವಳೇ ತಲೆಗಳನ್ನು ಎಣಿಸಿದಳು. ಎಲ್ಲರೂ ಇದ್ದಾರೆಂದು ಗೊತ್ತಾದ ಮೇಲೆ ವ್ಯಾನಿನ ಬಾಗಿಲು ಹಿಡಿದುಕೊಂಡಳು.

ಏನಾಯಿತೆಂದು ಅವಳು ಕೇಳಲೇ ಇಲ್ಲ. ಆ ಕೇಳದಿರುವಿಕೆಯೇ ತಂಗಿಯನ್ನು ಚುಚ್ಚಿತು.

“ಅಕ್ಕಾ, ನಿನಗೆ ಗೊತ್ತಿತ್ತಾ?”

“ಸ್ವಲ್ಪ ಮೆಲ್ಲಗೆ ಮಾತಾಡೇ.”

“ಗೊತ್ತಿತ್ತಾ ಇಲ್ವಾ?”

ಅಕ್ಕ ಅವಳನ್ನು ವ್ಯಾನಿನ ಹಿಂದಕ್ಕೆ ಎಳೆದುಕೊಂಡು ಹೋದಳು. ಮಳೆಗಾಲ ಮುಗಿದಾಗಿನಿಂದ ಭಾವ ಹೀಗೆ ಎಂದಳು. ಮನೆಯಲ್ಲಿ ಚಹಾ ಕುಡಿದ ಲೋಟವನ್ನು ಬೀರುವಿನಲ್ಲಿಟ್ಟು ಬೀಗ ಹಾಕುವುದು, ಎಂದೋ ತೀರಿಕೊಂಡ ಅಪ್ಪ ಪಂಚರ್ ಅಂಗಡಿ ತೆರೆದರೇ ಎಂದು ಕೇಳುವುದು. ದಾರಿಯಲ್ಲಿ ಗೊಂದಲವಾಗುವ ಕವಲುಗಳಲ್ಲಿ ಅಕ್ಕ ಮೊದಲೇ ಹೋಗಿ, ಸರಿಯಾದ ದಾರಿಯ ಬಾಯಲ್ಲಿ ವ್ಯಾನು ನಿಲ್ಲಿಸಿಕೊಂಡು ಕಾಯುತ್ತಿದ್ದಳು. ಭಾವ ನೀಲಿ ವ್ಯಾನು ನೋಡಿ ಆ ಕಡೆ ತಿರುಗುತ್ತಿದ್ದರು. ತಿರುಗಿದ ಕೂಡಲೇ ಅವಳು ಮುಂದಿನ ಕವಲಿಗೆ ಓಡುತ್ತಿದ್ದಳು. ಸಾಲಿನ ಕೊನೆಯವಳು ತಲುಪುವಾಗ ಅಲ್ಲಿ ಯಾರೋ ಪ್ರವಾಸಿ ಮಾತ್ರ ಕೈ ಚಾಚಿ ನಿಂತಿರುತ್ತಿದ್ದರು. ತಂಗಿ ಒಮ್ಮೆಯೂ ಆ ವ್ಯಾನನ್ನು ಕಂಡಿರಲಿಲ್ಲ.

“ನನಗೊಂದು ಮಾತು ಹೇಳೋಕೆ ಏನಾಗಿತ್ತು ನಿನಗೆ?”

“ಹೇಳಿದ್ರೆ ನೀನು ಅವತ್ತೇ ಕೀ ಕಿತ್ಕೊತಿದ್ದೆ.”

“ಕಿತ್ಕೊತಿದ್ದೆ!”

“ಆಮೇಲೆ? ಗಾಡಿ ಇಲ್ದೆ ಆ ಮನುಷ್ಯ ಎಷ್ಟು ದಿನ ಇರ್ತಿದ್ದ? ನೀನು ಹಿಂದಿನೋಳು ಕಣೇ, ನಿನಗೆ ಅವರ ಬೆನ್ನೂ ಕಾಣಲ್ಲ. ನಾನು ದಿನಾ ಮುಖ ನೋಡ್ತೀನಿ. ಹೆಲ್ಮೆಟ್ ಹಾಕಿದಾಗ ಮಾತ್ರ ಅವರು ಅವರಾಗಿರ್ತಾರೆ.”

“ಅದಕ್ಕೆ ಒಂಬತ್ತು ಜನರ ಪ್ರಾಣ ಇಟ್ಟು ಆಡ್ತೀಯಾ ಅಕ್ಕ?”

ಅಕ್ಕನ ಕೈಯಲ್ಲಿ ಹೆಡ್‌ಮೇಡಂ ಅವರ ಮಾತ್ರೆಯ ಡಬ್ಬಿ ಇತ್ತು, ಅದು ಗಲಗಲ ಎನ್ನುತ್ತಿತ್ತು.

ಭಾವನ ಬೈಕನ್ನು ವ್ಯಾನಿಗೆ ಹತ್ತಿಸಿ ಕಟ್ಟಿದರು. ಭಾವ ಅಕ್ಕನ ಪಕ್ಕ ಕೂತರು. ಬಾಲ ಮುಂದೆ ಹೊರಟಳು, ಹೊಸ ರಸ್ತೆಯಲ್ಲಿ.

ಸಂಜೆ ಕಡಲಂಚಿನ ಮನೆಯಲ್ಲಿ ಅವಳಿಗೆ ಮತ್ತೊಂದು ಆಘಾತ ಕಾದಿತ್ತು. ಭಾವ ಸರಿಯಾಗಿದ್ದರು. ಹೆಡ್‌ಮೇಡಂ ಗಾಡಿಯ ಪ್ಲಗ್ಗನ್ನು ತಾವೇ ಬದಲಿಸಿದರು, ಪಂಚರ್ ಅಂಗಡಿಯ ಕಥೆಯನ್ನು ಒಂದಕ್ಷರ ತಪ್ಪದೆ ಹೇಳಿದರು, ಹುಬ್ಬು ಕುಣಿಸಿದರು. ಆಮೇಲೆ, “ನನ್ನ ಗಾಡಿನ ಯಾರು ಕಟ್ಟಿಹಾಕಿದ್ದು, ಕಳ್ಳನ ಹಾಗೆ?” ಎಂದು ಕೇಳಿದರು.

ಮರುದಿನ ಬೆಳಿಗ್ಗೆ ಬೆಟ್ಟದ ಕಡೆಗೆ ಮರಳಿ ಹೊರಟಾಗ ಭಾವ ವ್ಯಾನು ಹತ್ತಲು ಒಪ್ಪಲಿಲ್ಲ. ಕೀ ಕೊಡು ಎಂದರು. ಕೀ ಬಾಲದ ಜೇಬಿನಲ್ಲಿತ್ತು.

“ಇವತ್ತು ನನ್ನ ಹಿಂದೆ ಕೂತ್ಕೊಳ್ಳಿ ಭಾವ.”

“ನಾನು? ನಿನ್ನ ಹಿಂದೆ? ನೋಡಿದೋರು ಏನಂತಾರೆ?”

“ಇಷ್ಟು ವರ್ಷ ನಾನು ನಿಮ್ಮ ಧೂಳು ತಿಂದಿಲ್ವಾ? ಒಂದು ದಿನ ನನ್ನ ಬೆನ್ನು ನೋಡಿದ್ರೆ ಸವೆದುಹೋಗಲ್ಲ.”

ಅವರು ಹೆಲ್ಮೆಟ್ಟಿನ ಪಟ್ಟಿ ಬಿಗಿದುಕೊಂಡರು. ನಂತರ ಕೂತರು. ಬಾಲದ ಕೆಲಸಕ್ಕೆ ಹೆಡ್‌ಮೇಡಂ ತಾವಾಗಿಯೇ ಮುಂದೆ ಬಂದರು. “ಹಿಂದೆ ಉಳಿಯೋದರಲ್ಲಿ ನನ್ನಷ್ಟು ಅನುಭವ ಇಲ್ಲಿ ಯಾರಿಗಿದೆ?” ಎಂದರು. ಅವರ ಹಿಂದೆ ಅಕ್ಕನ ವ್ಯಾನು.

ಹೊರಟ ಸ್ವಲ್ಪ ಹೊತ್ತಿಗೆ ಅವಳಿಗೆ ಒಂದು ವಿಷಯ ಅರಿವಾಯಿತು. ತಿರುವು ಕಣ್ಣಿಗೆ ಬೀಳುವ ಮುಂಚೆಯೇ ಭಾವನ ಮೈ ಆ ಕಡೆಗೆ ವಾಲುತ್ತಿತ್ತು. ಎಡ ತಿರುವಿಗೆ ಎಡಕ್ಕೆ, ಬಲ ತಿರುವಿಗೆ ಬಲಕ್ಕೆ. ಕುರುಡು ತಿರುವಿನಲ್ಲೂ ಒಮ್ಮೆಯೂ ತಪ್ಪಲಿಲ್ಲ. ಅವರ ಮೊಣಕಾಲುಗಳು ಅವಳ ಪಕ್ಕೆಯನ್ನು ಒತ್ತಿ ದಾರಿ ಹೇಳುತ್ತಿದ್ದವು. ಅವಳ ಎದೆ ಹಗುರಾಯಿತು. ಇದೆಲ್ಲ ನೆನಪಿರುವವರಿಗೆ ಏನಾಗಿದೆ? ನಿನ್ನೆ ಬಿಸಿಲಿಗೆ ತಲೆ ಸುತ್ತಿರಬೇಕು, ಅಕ್ಕ ಸುಮ್ಮನೆ ಹೆದರಿದ್ದಾಳೆ, ಮನೆ ಮುಟ್ಟಿದ ಮೇಲೆ ಕೀ ಕೊಟ್ಟುಬಿಡಬೇಕು ಎಂದುಕೊಂಡಳು.

ಆ ಹಳೆಯ ರಸ್ತೆಯ ಇನ್ನೊಂದು ತುದಿ ಬಂತು. ಬಲಕ್ಕೆ ಕಡಲ ದಾರಿ, ಎಡಕ್ಕೆ ಹೊಸ ರಸ್ತೆ. ಇಲ್ಲಿ ಕೆಂಪು ಡ್ರಮ್ಮುಗಳು ರಸ್ತೆಯ ಅಗಲಕ್ಕೂ ನಿಂತಿದ್ದವು, ಕುರುಡನಿಗೂ ಕಾಣುವಂತೆ. ಅವಳು ಡಾಕ್ಟರನ್ನು ಅಲ್ಲಿ ನಿಲ್ಲಿಸಿದಳು. ಅವರು ಎಡಕ್ಕೆ ಕೈ ಚಾಚಿ, ಮತ್ತೊಮ್ಮೆ ತಮ್ಮ ಕೈಯನ್ನೇ ನೋಡಿ ಖಾತ್ರಿ ಮಾಡಿಕೊಂಡರು.

ಅವಳು ಎಡಕ್ಕೆ ಹ್ಯಾಂಡಲ್ ತಿರುಗಿಸಿದಳು. ಭಾವನ ಮೈ ಬಲಕ್ಕೆ ವಾಲಿತು.

ಅನುಮಾನವಿಲ್ಲದೆ, ಅದೇ ಭರವಸೆಯಿಂದ, ಇಡೀ ಭಾರ ಹಾಕಿ, ಡ್ರಮ್ಮುಗಳ ಕಡೆಗೆ, ಕಡಲ ಕಡೆಗೆ. ಗಾಡಿ ತೂರಾಡಿತು. ಅವಳು ಹಲ್ಲು ಕಚ್ಚಿ ಆ ಭಾರದ ವಿರುದ್ಧ ಗಾಡಿಯನ್ನು ಎಳೆದು ಹೊಸ ರಸ್ತೆಗೆ ಹತ್ತಿಸಿದಳು.

“ದಾರಿ ತಪ್ಪಿದೆ ಕಣಮ್ಮ,” ಭಾವ ಅವಳ ಕಿವಿಯ ಹತ್ತಿರ ಬಾಗಿ ಹೇಳಿದರು, ಕಲ್ಲುಕ್ವಾರಿಯಲ್ಲಿ ಕಲಿಸುತ್ತಿದ್ದಾಗಿನ ಅದೇ ಮೆದು ದನಿಯಲ್ಲಿ.

“ಹೌದು ಭಾವ” ಎಂದಳು ಅವಳು. ಗಾಡಿ ನಿಲ್ಲಿಸಲಿಲ್ಲ. ಕನ್ನಡಿಯಲ್ಲಿ ನೋಡಿದಾಗ ಅವರು ಕತ್ತು ತಿರುಗಿಸಿ, ಹಿಂದೆ ಉಳಿದ ರಸ್ತೆಯನ್ನೇ ನೋಡುತ್ತಿದ್ದರು. ಜೇಬಿನಲ್ಲಿದ್ದ ಕೀ ಅವಳ ತೊಡೆಗೆ ಒತ್ತುತ್ತಿತ್ತು.